ಹರಳೆಣ್ಣೆ ಕುಡಿದ ಟೈಪ್‌ರೈಟರ್

ಹನೂರು
24-10-1966, ಸೋಮವಾರ

ಅಣ್ಣನಿಗೆ ನಂಜಿಯ ನಮಸ್ಕಾರ.

ನಾನೂ ಚನ್ನಾಜಮ್ಮ ಚಿಕ್ಕಮ್ಮನೂ ಚೆನ್ನಾಗಿದ್ದೇವೆ. ಶಾಗ್ಯದಿಂದ ಅವ್ವ ಹಬ್ಬಕ್ಕೆ ಕಜ್ಜಾಯ ಕಳಿಸಿದ್ದಳು. ನಿನ್ನ ಪಾಲು ಎತ್ತಿಟ್ಟಿದ್ದೇನೆ. ನೀನು ಪಾಲಾರಿನ ಕಾಡು ಬಿಟ್ಟು ಬರುವಷ್ಟರಲ್ಲಿ ಅದು ಕಲ್ಲಾದರೆ ನನ್ನನ್ನು ಬೈಯಬೇಡ.

ಇನ್ನು ಕೆಟ್ಟ ಸುದ್ದಿ. ನಮ್ಮ ರೇಷ್ಮೆ ಬೆಳೆಗಾರರ ಸಂಘದ ಟೈಪ್‌ರೈಟರ್ ಕೆಟ್ಟು ಕೂತಿದೆ. ಒಂದು ಗುಂಡಿ ಒತ್ತಿದರೆ ಅಕ್ಷರದ ನಾಲ್ಕು ಕಡ್ಡಿ ಒಟ್ಟಿಗೆ ಏಳುತ್ತವೆ, ಎದ್ದದ್ದು ಇಳಿಯುವುದಿಲ್ಲ. ಶನಿವಾರ ಆಯುಧಪೂಜೆಯಲ್ಲವೆ, ಅವತ್ತು ಮೆಷಿನ್ನಿಗೂ ಪೂಜೆಯಾಯಿತು. ಅರಿಸಿನ ಕುಂಕುಮ ಇಟ್ಟು, ಹೂ ಮುಡಿಸಿ, ಒಳಗೆ ಹರಳೆಣ್ಣೆಯನ್ನೂ ಹುಯ್ದು, ಎಣ್ಣೆ ಚೆನ್ನಾಗಿ ಇಳಿಯಲಿ ಅಂತ ಬಿಸಿಲಿಗಿಟ್ಟಿದ್ದಾರೆ. ಅಪ್ಪ ಇದ್ದಾಗ ಹಬ್ಬದ ದಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹುಯ್ಯುತ್ತಿರಲಿಲ್ಲವೆ? ಕಬ್ಬಿಣ ಅಂದಮೇಲೆ ಎಲ್ಲ ಒಂದೇ ಅಂತ ತಿಳಿದು ಮಾಡಿರಬೇಕು. ಎಣ್ಣೆ, ಕುಂಕುಮ, ಧೂಳು ಎಲ್ಲ ಸೇರಿ ಹಲಸಿನ ಅಂಟಿನಂತಾಗಿದೆ.

ಇವತ್ತು ಬೆಳಿಗ್ಗೆ ಸೆಕ್ರೆಟರಿ ಗುರುಪಾದಸ್ವಾಮಿಯವರು ಬಂದು ನೋಡಿ ಕೆಂಡವಾದರು. "ಯಾವನ್ಲಾ ಇದ್ಕೆ ಎಣ್ಣೆ ಉಯ್ದೋನು? ಇದೇನು ಎತ್ತಿನ್ ಗಾಡಿಯಾ?" ಎಂದು ಕೂಗಾಡಿದರು. ಎಲ್ಲರೂ ಅಟೆಂಡರ್ ಮಾದಣ್ಣನ ಕಡೆ ನೋಡಿದರು. ಹನ್ನೊಂದು ವರ್ಷದಿಂದ ಆಫೀಸಿನ ಪೂಜೆ ಮಾಡುವವನು ಅವನೇ. ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತ, ಒಂದು ಮಾತೂ ಆಡಲಿಲ್ಲ. ಅವನೇ ಮಾಡಿದ್ದು ಅಂತ ಆಯಿತು. ಬುಧವಾರ ಅವನೇ ಮೆಷಿನ್ ಹೊತ್ತು ಕೊಳ್ಳೇಗಾಲದ ರಿಪೇರಿ ಅಂಗಡಿಗೆ ಕೊಡಬೇಕು, ಜೊತೆಗೆ ನಾನು ಹೋಗಬೇಕು. ಆಮೇಲೆ ನವೆಂಬರ್ ಒಂದಕ್ಕೆ ಕಮಿಟಿ ಸೇರಿ ಅವನ ಕೆಲಸದ ತೀರ್ಮಾನ ಮಾಡುತ್ತದಂತೆ.

ನನ್ನ ಟೈಪಿಸ್ಟ್ ಕೆಲಸ ಖಾಯಂ ಮಾಡುವ ವಿಷಯವೂ ಅದೇ ಕಮಿಟಿಯ ಮುಂದಿದೆ. ಎಂಟು ತಿಂಗಳಿಂದ ಕಾದಿದ್ದೇನೆ, ನಿನಗೆ ಗೊತ್ತು.

ನಿನ್ನ ತಂಗಿ,
ನಂಜಿ


ಪಾಲಾರ್
26-10-1966

ಲೇ ನಂಜಿ,

ಮಲೆ ಮಹದೇಶ್ವರನ ದಯೆಯಿಂದ ನನ್ನನ್ನು ಆನೆ ಇನ್ನೂ ತುಳಿದಿಲ್ಲ. ಚೆಕ್‌ಪೋಸ್ಟಿನ ಬಾಳೆಗಿಡ ಮಾತ್ರ ತುಳಿದು ಹೋಯಿತು. ಆಚೆ ದಡದ ತಮಿಳರು ಆನೆಗೆ ಕೈಮುಗಿದು 'ಸಾಮಿ' ಅನ್ನುತ್ತಾರೆ. ನಾನೂ ಮರದ ಮೇಲಿಂದಲೇ ಕೈಮುಗಿದೆ.

ನಿನ್ನ ಕಾಗದ ನಿನ್ನೆ ಬಸ್ಸಿನಲ್ಲಿ ಬಂತು. ಆ ಮಾದಣ್ಣನಿಗೆ ಬುದ್ಧಿ ಎಲ್ಲಿಗೆ ಹೋಗಿತ್ತು? ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು. ಅವನು ಮಾಡಿದ ಕೆಲಸಕ್ಕೆ ನಿನ್ನ ಹೆಸರು ಕೆಡುವುದನ್ನು ನೋಡಿಕೊಂಡು ನಾನು ಸುಮ್ಮನಿರುತ್ತೇನೆಯೆ? ಗುರುಪಾದ ನನ್ನ ಜೊತೆ ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಇವತ್ತೇ ಅವನಿಗೆ ಕಾಗದ ಬರೆದು ಕಂಡಕ್ಟರ್ ಕೈಗೆ ಕೊಟ್ಟೆ. 'ನನ್ನ ತಂಗಿ ಸುಳ್ಳು ಹೇಳುವವಳಲ್ಲ, ಅಟೆಂಡರ್ ಎಣ್ಣೆ ಹುಯ್ದದ್ದನ್ನು ಅವಳೇ ನೋಡಿದ್ದಾಳೆ, ಅಂಥವನನ್ನು ಇಟ್ಟುಕೊಂಡರೆ ನಾಳೆ ಸಂಘಕ್ಕೇ ಎಣ್ಣೆ ಹುಯ್ಯುತ್ತಾನೆ' ಎಂದು ಬರೆದಿದ್ದೇನೆ. ನೋಡಿದ್ದೇನೆ ಅಂತ ನೀನು ಬರೆದಿರಲಿಲ್ಲ, ಆದರೆ ಒಂದು ಮಾತು ಗಟ್ಟಿ ಇರಲಿ ಅಂತ ಸೇರಿಸಿದೆ. ಯಾರಾದರೂ ಕೇಳಿದರೆ ನೋಡಿದೆ ಅನ್ನು.

ಧೈರ್ಯವಾಗಿರು. ಅಣ್ಣ ಇದ್ದಾನೆ.

ಶಿವರುದ್ರಸ್ವಾಮಿ


ಹನೂರು
27-10-1966, ಗುರುವಾರ

ಅಣ್ಣಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ನಿನ್ನೆ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ಊಟ ಸೇರುವುದಿಲ್ಲ. ಚಿಕ್ಕಮ್ಮನಿಗೆ ಹೇಳಿದರೆ "ಮಿಷಿನ್ ಬಿಚ್ಚೋದ್ರಾಗೆ ಅದೇನವ್ವ ನೋಡೋದು" ಅನ್ನುತ್ತಾಳೆ.

ಬಸ್ಸಿನಲ್ಲಿ ಕಾಮಗೆರೆ ಬರುವವರೆಗೂ ಮೆಷಿನ್ನನ್ನು ಮಾದಣ್ಣ ತೊಡೆಯ ಮೇಲಿಟ್ಟುಕೊಂಡಿದ್ದ. ಅಲ್ಲಿ ಆಸ್ಪತ್ರೆಗೆ ಬಂದವರೆಲ್ಲ ಹತ್ತಿದ ಮೇಲೆ ಎದ್ದು ನಿಂತು, ಕೊಳ್ಳೇಗಾಲದವರೆಗೆ ತಲೆಯ ಮೇಲೇ ಹಿಡಿದಿದ್ದ. ಅಂಗಡಿ ಅಂದರೆ ನೇಕಾರರ ಬೀದಿಯ ಹಿಂದಿನ ಓಣಿಯಲ್ಲಿ ಒಂದು ಮನೆಯ ಪಡಸಾಲೆ, ಅಷ್ಟೆ. ಬೋರ್ಡು ಕೂಡ ಇಲ್ಲ. ಯಜಮಾನರ ಹೆಸರು ಚಿಕ್ಕಸಿದ್ದಯ್ಯ. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದಾಗ ಕೊಯಮತ್ತೂರಿಗೆ ಹೋಗಿ ಕೆಲಸ ಕಲಿತವರು. ಹೆಂಡತಿ ಗೋವಿಂದಮ್ಮ, ಮಗ ಬಿಳಿಗಿರಿ. ಮೂವರೂ ಸೇರಿ ದುಡಿಯುತ್ತಾರೆ.

ಅಣ್ಣಾ, ಆ ಗೋವಿಂದಮ್ಮನನ್ನು ನೀನು ನೋಡಬೇಕು! ಐವತ್ತರ ಮೇಲಿನ ಹೆಂಗಸು, ಒಂದಕ್ಷರ ಓದಲು ಬರುವುದಿಲ್ಲ. ಮೊದಲು ನೆಲದ ಕಪ್ಪು ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಣಗಿದ ಮೇಲೆ ಸೀಮೆಸುಣ್ಣ ತಕ್ಕೊಂಡು ಚುಕ್ಕಿ ಇಡುತ್ತಾ ಹೋದರು, ಅರ್ಧ ಚಂದ್ರನ ಹಾಗೆ ನಲವತ್ತನಾಲ್ಕು ಚುಕ್ಕಿ. ಅದರ ಸುತ್ತ ಎಳೆ, ಎಳೆಯ ಕೊನೆಗೆ ಮತ್ತೆ ಸಣ್ಣ ಚುಕ್ಕಿ. ನಾನು ರಂಗೋಲಿ ಪುಡಿಯಲ್ಲೇ ಬಿಡಬಹುದಲ್ಲ ಅಂದೆ. "ಪುಡಿ ಒಳಿಕ್ಕೋದ್ರೆ ಮಿಷಿನ್ ಸತ್ತೋಯ್ತದೆ ಕಣವ್ವ" ಎಂದು ನಕ್ಕರು.

ಆಮೇಲೆ ಬಿಚ್ಚಲು ಶುರು ಮಾಡಿದರು. ಚಿಕ್ಕಸಿದ್ದಯ್ಯ ಒಂದೊಂದು ಕಡ್ಡಿ ತೆಗೆದು, ಒಣ್ಣು, ರೆಂಡು, ಮೂಣು ಎಂದು ತಮಿಳಿನಲ್ಲಿ ಎಣಿಸಿ ಹಿಂದಕ್ಕೆ ಚಾಚುತ್ತಾರೆ. ಗೋವಿಂದಮ್ಮ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷಿನಲ್ಲಿ ಉಜ್ಜಿ, ಅದರದೇ ಚುಕ್ಕಿಯ ಮೇಲೆ ಮಡಗುತ್ತಾರೆ. ಸ್ಕ್ರೂ ಎಳೆಯ ಈ ಕಡೆ, ಸ್ಪ್ರಿಂಗ್ ಆ ಕಡೆ. ಬಿಳಿಗಿರಿ ಬಾಗಿದ ಕಡ್ಡಿಗಳನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಬೆರಳಿನಿಂದಲೇ ನೆಟ್ಟಗೆ ಮಾಡುತ್ತಾನೆ. ಆ ಬೆರಳುಗಳ ನಯ ನೋಡಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಮೆಷಿನ್ ಪೂರ್ತಿ ನೆಲದ ಮೇಲೆ ಹರಡಿ ಫಳಫಳ ಅನ್ನುತ್ತಿತ್ತು. ದಿನಾ ಇದರ ಮುಂದೆ ಕೂತು ಕುಟ್ಟುತ್ತೇನೆ, ಇದರ ಹೊಟ್ಟೆಯಲ್ಲಿ ಇಷ್ಟು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೂಡಿನಲ್ಲಿದ್ದ ದೀಪಕ್ಕೆ ಕೈಮುಗಿಯಬೇಕೋ ಆ ನೆಲಕ್ಕೆ ಮುಗಿಯಬೇಕೋ ತಿಳಿಯದೆ ಸುಮ್ಮನೆ ನಿಂತಿದ್ದೆ. ಅವರ ಮನೆಯ ಕೋಳಿ ಕೂಡ ಆ ಗೆರೆ ದಾಟದೆ ಸುತ್ತು ಹಾಕಿ ಹೋಗುತ್ತಿತ್ತು!

ಕಾಫಿ ಕೊಟ್ಟರು, ಕುಡಿದೆ. ಮಾದಣ್ಣ ಮೆಟ್ಟಿಲ ಮೇಲೆ ಕೂತಿದ್ದ.

ಕಡ್ಡಿ ಉಜ್ಜುತ್ತಾ ಗೋವಿಂದಮ್ಮ ನನಗೊಂದು ಮಾತು ಹೇಳಿದರು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಶನಿವಾರ ಮೆಷಿನ್ ತರಲು ಮತ್ತೆ ಹೋಗಬೇಕು.

ನಂಜಿ


ಪಾಲಾರ್
28-10-1966

ನಂಜಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದಾಗ ಒಂದು ವಿಷಯ ಹೊಳೆಯಿತು. ಯಾರವನು ಬಿಳಿಗಿರಿ? ಬೆರಳಿನ ನಯ ನೋಡಬೇಕಂತೆ! ನಾನೂ ಒಂದು ಕಣ್ಣು ಮುಚ್ಚಿ ಕಾಡಿನಲ್ಲಿ ಮರ ಅಳೆಯುತ್ತೇನೆ, ನನ್ನ ಬೆರಳ ಬಗ್ಗೆ ಯಾರೂ ಹೀಗೆ ಬರೆದಿಲ್ಲ. ಎಲ್ಲ ಬರೆದು, ಆ ಹೆಂಗಸು ಹೇಳಿದ ಮಾತೊಂದನ್ನು ಮಾತ್ರ ಬಚ್ಚಿಟ್ಟಿದ್ದೀಯ. ಮಗನಿಗೆ ನಿನ್ನನ್ನು ಕೇಳಿದಳೇನು? ಅವರ ಜನ ಬೇರೆ, ನಮ್ಮ ಜನ ಬೇರೆ. ಕಾಫಿ ಕುಡಿದದ್ದು ಅವ್ವನ ಕಿವಿಗೆ ಬಿದ್ದರೆ ಏನಾಗುತ್ತದೆ ಗೊತ್ತಲ್ಲ? ಶನಿವಾರ ಮೆಷಿನ್ ತಕ್ಕೊಂಡು ತಕ್ಷಣ ಹೊರಟುಬಿಡು.

ನಿನ್ನ ಕೆಲಸದ ಚಿಂತೆ ಬಿಡು. ಗುರುಪಾದ ಉತ್ತರ ಬರೆದಿದ್ದಾನೆ. 'ಕಣ್ಣಾರೆ ಕಂಡ ಸಾಕ್ಷಿ ಇದ್ದಮೇಲೆ ಬೇರೇನು ಬೇಕು, ನಿನ್ನ ಕಾಗದವನ್ನೇ ಕಮಿಟಿ ಮುಂದೆ ಇಡುತ್ತೇನೆ, ಮಾದಣ್ಣನನ್ನು ತೆಗೆಯುತ್ತೇವೆ, ನಿನ್ನ ತಂಗಿಯನ್ನು ಖಾಯಂ ಮಾಡುತ್ತೇವೆ' ಎಂದಿದ್ದಾನೆ. ನೋಡಿದೆಯಾ ಅಣ್ಣನ ಕೈಗುಣ?

ಶಿವರುದ್ರಸ್ವಾಮಿ


ಹನೂರು
31-10-1966, ಸೋಮವಾರ

ಅಣ್ಣಾ,

ನಿನ್ನ ಮೊದಲ ಕಾಗದ ಶುಕ್ರವಾರ ಬಂತು, ಎರಡನೆಯದು ಇವತ್ತು. ಕೂತು ಓದು, ನಿಂತು ಓದಬೇಡ.

ಎಣ್ಣೆ ಹುಯ್ದವಳು ನಾನು.

ಮಾದಣ್ಣ ಮೆಷಿನ್ನಿಗೆ ಒಂದು ಬೊಟ್ಟಿಟ್ಟು, ಕರ್ಪೂರ ಹಚ್ಚಿ ಕಾಯಿ ಒಡೆದ, ಅಷ್ಟೆ. ಆಮೇಲೆ ನಾನೇ ಕೂತು ಒಂದೊಂದು ಗುಂಡಿಗೂ ಉಂಗುರದ ಬೆರಳಿನಲ್ಲಿ ಕುಂಕುಮ ಇಟ್ಟೆ. ಮನೆಯಿಂದ ತಂದಿದ್ದ ಹರಳೆಣ್ಣೆಯನ್ನು ಒಂದು ಲೋಟ ತುಂಬಾ ಹುಯ್ದೆ. ಅಪ್ಪನ ಗಾಡಿ ಹಬ್ಬದ ಮಾರನೆಯ ದಿನ ಎಷ್ಟು ಹಗುರಾಗಿ ಓಡುತ್ತಿತ್ತು! ನನ್ನ ಮೆಷಿನ್ನೂ ಹಾಗೇ ಓಡಲಿ, ಕೆಲಸ ಖಾಯಂ ಆಗಲಿ ಅಂತ ಬೇಡಿಕೊಂಡು ಹುಯ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ, ಎಲ್ಲರ ಜೊತೆ ನಾನೂ ಮಾದಣ್ಣನ ಮುಖ ನೋಡಿದೆ. ಅಷ್ಟು ಗಟ್ಟಿಗಿತ್ತಿ ನಿನ್ನ ತಂಗಿ.

ಬುಧವಾರ ಗೋವಿಂದಮ್ಮ ಹೇಳಿದ್ದು ಇದನ್ನೇ. ನಾನು ಅವರಿಗೆ ಅಟೆಂಡರ್ ಮಾಡಿದ್ದು ಅಂದಿದ್ದೆ. ಅವರು ಒಂದು ಗುಂಡಿಯನ್ನು ಉಜ್ಜುತ್ತಾ, "ಅಲ್ಲ ಕಣವ್ವ. ಎಣ್ಣೆ ಮುಂದ್ಗಡೆಯಿಂದ ಇಳ್ದದೆ, ಕುರ್ಚಿ ಮ್ಯಾಲೆ ಕೂತೋರು ಉಯ್ದಿರೋದು. ಒಂದು ಗುಂಡಿನೂ ಬುಡ್ದೆ ಬೊಟ್ಟಿಟ್ಟವ್ರೆ. ಯಾರೋ ಇದ್ರ ಮ್ಯಾಲೆ ಬಲು ಆಸೆ ಇರೋರು" ಅಂದರು. ನನ್ನ ಮುಖ ನೋಡಲಿಲ್ಲ, ಇನ್ನೊಂದು ಕಡ್ಡಿಗೆ ಕೈ ಚಾಚಿದರು. ಮೆಟ್ಟಿಲ ಮೇಲೆ ಮಾದಣ್ಣನಿಗೆ ಎಲ್ಲ ಕೇಳಿಸುತ್ತಿತ್ತು. ಅವನು ಬೀದಿಯ ಕಡೆ ನೋಡುತ್ತಾ ಕೂತ. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆದರೂ ಹನೂರಿಗೆ ಬಂದು ನಿನಗೆ ಕೋಳಿಯ ಕಥೆ ಬರೆದೆ.

ಶನಿವಾರ ಮೆಷಿನ್ ಸಿದ್ಧವಾಗಿತ್ತು. ನೆಲದ ಮೇಲೆ ಹರಡಿದ್ದೆಲ್ಲ ಮತ್ತೆ ಒಂದಾಗಿ, ಏನೂ ಆಗಿಲ್ಲ ಅನ್ನುವ ಹಾಗೆ ಕೂತಿತ್ತು. ಗೋವಿಂದಮ್ಮ ಒಂದು ಹಾಳೆ ಸಿಕ್ಕಿಸಿ, "ಏನಾದ್ರೂ ಒಡೀರಿ, ನೋಡವ" ಅಂದರು. ನಿನ್ನ ಕಾಗದ ನನ್ನ ಚೀಲದಲ್ಲಿತ್ತು. ನಾನು ನೋಡಿದೆ ಅಂತ ಬರೆದಿದ್ದೀಯ! ಏನು ಹೊಡೆಯಲಿ ಅಂತ ಯೋಚಿಸುವುದರೊಳಗೆ ಕೈ ಸೆಕ್ರೆಟರಿಯವರ ಹೆಸರು ಹೊಡೆಯುತ್ತಿತ್ತು. ನನಗೆ ಬಂದ ಇಂಗ್ಲಿಷಿನಲ್ಲಿ ನಡೆದದ್ದೆಲ್ಲ ಹೊಡೆದು ಕೆಳಗೆ ಹೆಸರು ಹಾಕಿದೆ.

ಗೋವಿಂದಮ್ಮ ಹಾಳೆ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ಮೇಲಿಂದ ಕೆಳಗೆ ಬೆರಳಾಡಿಸಿ ಎರಡು ಕಡೆ ನಿಲ್ಲಿಸಿದರು. "ಇಲ್ಲಿ ಕೈ ಅಳುಕದೆ. ಮತ್ತೆ ಇಲ್ಲಿ. ತಪ್ಪು ಮಿಷಿನ್ದಲ್ಲ ಕಣವ್ವ, ನಿಮ್ದೇ. ಇನ್ನೊಂದ್ಸಲ ಒಡೀರಿ" ಅಂದರು. ಅಣ್ಣಾ, ಒಂದು ಕಡೆ 'ನಾನೇ' ಅಂತ ಇತ್ತು, ಇನ್ನೊಂದು ಕಡೆ ನನ್ನ ಹೆಸರು. ಅಲ್ಲಿ ಅಕ್ಷರ ಮಂಕಾಗಿ ಬಿದ್ದಿತ್ತು. ಆ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು! ನಾನು ಹೆದರಿಹೋದೆ. ಹೊಸ ಹಾಳೆ ಹಾಕಿ ಮತ್ತೆ ಹೊಡೆದೆ. ಅದೂ ಆಗಲಿಲ್ಲ. ಮೂರನೆಯ ಸಲ ಹೊಡೆದಾಗ ಹಾಳೆ ನೋಡಿ, "ಈಗ ಸರಿಯಾಯ್ತು, ತಕಂಡೋಗಿ" ಅಂದರು.

ಆ ಮೂರನೆಯ ಹಾಳೆಯನ್ನು ಇವತ್ತು ಸೆಕ್ರೆಟರಿಯವರ ಮೇಜಿನ ಮೇಲಿಟ್ಟೆ. ಅವರು ನಿನ್ನ ಕಾಗದವನ್ನೂ ತೆಗೆದು ಪಕ್ಕದಲ್ಲಿಟ್ಟರು. "ನಿಮ್ಮಣ್ಣ ಇಂಗೆ ಬರ್ದವ್ನೆ, ನೀನು ಇಂಗೆ ಬರ್ದಿದ್ದೀಯ. ಯಾವುದ್ನ ಕಮಿಟಿ ಮುಂದೆ ಮಡಗ್ಲಿ?" ಅಂದರು. "ನನ್ನದು ಸಾರ್" ಅಂದೆ. "ಖಾಯಂ ಓಯ್ತದೆ ಕಣಮ್ಮ, ಯೋಚ್ನೆ ಮಾಡು. ಇರೋ ಕೆಲ್ಸನೂ ಓದ್ರೆ ಓಯ್ತು" ಅಂದರು. ಯೋಚಿಸಿಯೇ ತಂದೆ ಅಂದೆ. ಸುಳ್ಳು, ಯೋಚಿಸಿದ್ದರೆ ತರುತ್ತಿರಲಿಲ್ಲ.

ನಾಳೆ ಕಮಿಟಿ. ನಿನ್ನ ಮೇಲೆ ಕೋಪವಿಲ್ಲ. ನನ್ನ ಸುಳ್ಳನ್ನು ನೀನು ಪ್ರೀತಿಯಿಂದ ದೊಡ್ಡದು ಮಾಡಿದೆ, ಅಷ್ಟೆ.

ಬಿಳಿಗಿರಿಯ ವಿಷಯಕ್ಕೆ ಉತ್ತರ ಬರೆಯುವುದಿಲ್ಲ. ನಿನಗೆ ನಾಚಿಕೆಯಾಗಬೇಕು.

ನಂಜಿ


ಹನೂರು
2-11-1966

ಅಣ್ಣಾ, ಮಾದಣ್ಣ ಕೆಲಸದಲ್ಲಿ ಉಳಿದಿದ್ದಾರೆ. ನನ್ನನ್ನು ಖಾಯಂ ಮಾಡಿಲ್ಲ. ವರದಿ ಹೊಡೆಯಲು ಬೇರೆ ಯಾರೂ ಇಲ್ಲ ಅಂತ ಇನ್ನೊಂದು ವರ್ಷ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದಾರೆ. ಅವ್ವನಿಗೆ ನಾನೇ ಹೇಳುತ್ತೇನೆ, ನೀನು ಬರೆಯಬೇಡ. ನಂಜಿ


ಪಾಲಾರ್
21-11-1966

ನಂಜಿ,

ಇಪ್ಪತ್ತು ದಿನ ಕಾಗದ ಬರೆಯಲಿಲ್ಲ. ಕೈ ಬರಲಿಲ್ಲ.

ಮೊದಲು ಸಿಟ್ಟು ಬಂತು. ಒಂದೇ ಬೆಂಚಿನ ಗೆಳೆಯನ ಮುಂದೆ ನನ್ನನ್ನು ಸುಳ್ಳುಗಾರ ಮಾಡಿದಳಲ್ಲ ಅಂತ. ಆಮೇಲೆ ಗೊತ್ತಾಯಿತು, ನೀನು ಮಾಡಲಿಲ್ಲ, ನಾನೇ ಆಗಿದ್ದೆ.

ಮೊನ್ನೆ ಶನಿವಾರ ರಜೆ ಹಾಕಿ ಕೊಳ್ಳೇಗಾಲಕ್ಕೆ ಬಂದಿದ್ದೆ. ಹನೂರಿನ ಮೇಲೇ ಬಸ್ಸು ಹೋಯಿತು, ನಿನಗೆ ಮುಖ ತೋರಿಸುವ ಧೈರ್ಯವಾಗದೆ ಇಳಿಯಲಿಲ್ಲ. ನೇರ ಆ ಓಣಿಗೆ ಹೋದೆ. ಹೋದದ್ದು ಯಾರನ್ನು ನೋಡಲು ಅಂತ ನೀನು ಊಹಿಸಬಲ್ಲೆ. ಆ ಬಿಳಿಗಿರಿಗೆ ಮದುವೆಯಾಗಿ ಮಗಳು ಬೇರೆ ಇದ್ದಾಳಂತೆ. ಅದೊಂದು ಮಾತು ಮೊದಲೇ ಬರೆದಿದ್ದರೆ ನನ್ನ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು, ಹುಡುಗಿ.

ಯಾವುದೋ ಕೋರ್ಟಿನ ಮೆಷಿನ್ ಬಿಚ್ಚಿ ಹರಡಿದ್ದರು. ಹತ್ತು ನಿಮಿಷ ನೋಡಿ ಹೋಗೋಣ ಅಂದುಕೊಂಡವನು ಎರಡು ಗಂಟೆ ನಿಂತೆ. ಕಾಡಿನಲ್ಲಿ ಹುಲಿ ಕಂಡಾಗಲೂ ನಾನು ಹಾಗೆ ಬಾಯಿ ಮುಚ್ಚಿಕೊಂಡು ನಿಂತವನಲ್ಲ. ಆಯಮ್ಮ ಕಾಫಿ ಕೊಟ್ಟರು, ನಾನೂ ಕುಡಿದೆ. ಅವ್ವನಿಗೆ ಹೇಳಬೇಡ.

ವಾಪಸು ಬರುವಾಗ ಕಾಮಗೆರೆಯಲ್ಲಿ ಇಳಿದು ಮಾದಣ್ಣನ ಮನೆ ಕೇಳಿಕೊಂಡು ಹೋದೆ. ನಾನು ಯಾರೆಂದು ಹೇಳಿ, ಕಾಗದದಲ್ಲಿ ಏನು ಬರೆದಿದ್ದೆ ಅಂತಲೂ ಹೇಳಿದೆ. ಅವನ ಹೆಂಡತಿ ಬಸವಮ್ಮ ಒಳಗೆ ಎದ್ದು ಹೋದಳು. ಮಾದಣ್ಣ ಚಾಪೆ ಹಾಸಿ, "ಕುಂತ್ಕಳಿ ಸಾ" ಅಂದ.

"ನೀನು ಮಾಡಿಲ್ಲ ಅಂತ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಹೆದರಿಕೆ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅವ್ವಾರು ಎಣ್ಣೆ ಉಯ್ಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ ಸಾ. ಬ್ಯಾಡ ಅನ್ಬೇಕಾಗಿತ್ತು. ನಂಗೂ ಅದೇ ಸರಿ ಅಂತ ಕಾಣ್ತು, ಕೈಮುಗ್ದು ನಿಂತ್ಕಂಡೆ. ಇನ್ನು ಅವ್ರು ಅಂತ ಏಳ್ಬುಟ್ರೆ ಏನಾಯ್ತಿತ್ತು? ನಂಗೇನು, ಮೂಟೆ ಒತ್ತಾದ್ರೂ ಬದುಕ್ತೀನಿ. ಆ ಎಣ್ಮಗ ಕಲ್ತಿರೋದು ಅದೊಂದೇ ಕೆಲ್ಸ."

ನಂಜಿ, ನಾನು ಅವನ ಅನ್ನ ಕೀಳಲು ಇಲ್ಲಿ ಕೂತು ಕಾಗದ ಬರೆಯುತ್ತಿದ್ದೆ. ಅವನು ಅಲ್ಲಿ ನಿನ್ನ ಅನ್ನ ಕಾಯುತ್ತಿದ್ದ. ಕಾಲು ಮುಟ್ಟಲು ಬಗ್ಗಿದೆ, "ಅಯ್ಯಯ್ಯೋ, ಏನ್ ಸಾ ಇದು" ಅಂತ ಎರಡು ಮಾರು ಹಿಂದಕ್ಕೆ ಓಡಿದ.

ನಾನು ನಿನಗೆ ಹೇಳುವಂಥದ್ದು ಏನೂ ಉಳಿದಿಲ್ಲ.

ಶಿವರುದ್ರ


ಹನೂರು
24-11-1966, ಗುರುವಾರ

ಅಣ್ಣಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಆಫೀಸಿಗೇ ಬಂತು. ತಂದು ಕೊಟ್ಟವರೂ ಮಾದಣ್ಣನವರೇ. ಅದರಲ್ಲಿ ತಮ್ಮ ವಿಷಯವಿದೆ ಅಂತ ಅವರಿಗೆ ಗೊತ್ತಿಲ್ಲ. ಓದಿದೆ. ಮತ್ತೆ ಓದಿದೆ. ಆ ದಿನ ಅವರು ಪಕ್ಕದಲ್ಲೇ ಇದ್ದದ್ದು ನನ್ನ ನೆನಪಿನಲ್ಲೇ ಇರಲಿಲ್ಲ ಅಣ್ಣಾ. ಬೇಡಿಕೊಳ್ಳುವಾಗ ನನಗೆ ನಾನೊಬ್ಬಳೇ ಕಂಡಿದ್ದೆ. ಅಳು ಬಂತು, ಮೆಷಿನ್ನಿನ ಮರೆಯಲ್ಲಿ ಕೂತು ಅತ್ತೆ.

ಹನ್ನೊಂದು ಗಂಟೆಗೆ ಎಂದಿನಂತೆ ಟೀ ತಂದರು. ಅವರು ಬರುತ್ತಿರುವುದು ಕಂಡು ನಾನು ಕುರ್ಚಿಯಿಂದ ಎದ್ದು ನಿಂತೆ. ಲೋಟ ಮೇಜಿನ ಮೇಲಿಟ್ಟು ನನ್ನನ್ನು ನೋಡಿ ಗಾಬರಿಯಾದರು. "ಯಾಕವ್ವ ಎದ್ದ್ರಿ, ಸೆಕ್ರೆಟ್ರಿ ಬಂದ್ರಾ?" ಎಂದು ಟವೆಲ್ಲು ಕೈಗೆ ತಕ್ಕೊಂಡು, ಬಾಗಿಲ ಕಡೆ ತಿರುಗಿ ನಿಂತರು.

ನಂಜಿ